ಬಿಸಿ ಪೈಪು, ತಣ್ಣನೆ ಪೈಪು

'ಮುಟ್ಟಬೇಡಿ' ಎಂಬ ಬೋರ್ಡು ನಮಗೆ ಹೊಸದಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೂ ಒಂದಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಒಳಗಿನದನ್ನು ಮುಟ್ಟಬಾರದು. ನಾಲ್ಕು ಜನಕ್ಕೆ ಒಂದು ಕಂಪ್ಯೂಟರ್. ಮನೆಯಲ್ಲಿ ಕಂಪ್ಯೂಟರ್ ಇದ್ದ ಹುಡುಗ ಕುರ್ಚಿಯಲ್ಲಿ ಕೂರುತ್ತಿದ್ದ. ಅವನಿಗೆ ಗೊತ್ತು, ಬೇಗ ಮುಗಿಸ್ತಾನೆ ಅಂತ ಮೇಷ್ಟ್ರಿಗೂ ಸಮಾಧಾನ. ನಾವು ಹಿಂದೆ ನಿಂತು ಅವನ ಬೆರಳು ನೋಡುತ್ತಿದ್ದೆವು. ಮೂರು ವರ್ಷ ಬೆರಳು ನೋಡಿ ಡಿಗ್ರಿ ಪಾಸಾದೆವು. ಅಂಕಪಟ್ಟಿಯಲ್ಲಿ ಪ್ರಾಕ್ಟಿಕಲ್ಲಿಗೆ ಒಳ್ಳೆಯ ಅಂಕವೇ ಬಂದಿದೆ.

ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ ಮುಂದೆ ಬರುವುದೆಲ್ಲ ಒಂದು ಹಳೇ ಕಂಪ್ಯೂಟರಿನ ಕತೆ. ಅದು ಬಿಸಿಯಾಗಿ ಬಿಸಿಯಾಗಿ ಆರಿಹೋಗುತ್ತಿತ್ತು, ನಾವು ಅದರ ಹೊಟ್ಟೆ ಬಿಚ್ಚಿದೆವು. ಪದ್ಯ ಬರೆಯೋರಿಗೆ ಇದೇಕಪ್ಪಾ ಎಂದು ಗೆಳೆಯರು ಕೇಳಬಹುದು. ಕೇಳಲಿ.

ನಾವು ಮೂವರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಪದ್ಯ ಗೀಚುವವನೊಬ್ಬ, ಐಟಿಐ ಫಿಟ್ಟರ್ ಮಾಡಿಕೊಂಡವನೊಬ್ಬ, ಪಿಯುಸಿ ಓದುವ ತಂಗಿಯೊಬ್ಬಳು. ಯಾವ ಕೆಲಸ ಯಾರು ಮಾಡಿದ್ದು ಎಂದು ಇಲ್ಲಿ ಬಿಡಿಸಿ ಹೇಳೋದಿಲ್ಲ. ಬೆರಳು ಮೂವರದೂ ಸುಟ್ಟಿದೆ.

ಆ ಕಂಪ್ಯೂಟರ್ ನಮ್ಮ ಹಟ್ಟಿಗೆ ಬಂದದ್ದು ಚಿಕ್ಕಪ್ಪನ ತೊಡೆಯ ಮೇಲೆ. ಚಿಕ್ಕಪ್ಪ ಬೆಂಗಳೂರಿನಲ್ಲಿ ವಿಡಿಯೋ ಎಡಿಟಿಂಗ್ ಮಾಡುವ ಒಂದು ಕಡೆ ರಾತ್ರಿ ಕಾವಲಿಗಿದ್ದ. ಅವರು ಹಳೇ ಸಾಮಾನನ್ನೆಲ್ಲ ಗುಜರಿಗೆ ಹಾಕುವಾಗ, ಸಂಬಳದಲ್ಲಿ ಮುರ್ಕೊಳ್ಳಿ ಸಾರ್ ಅಂತ ಇದೊಂದನ್ನು ಆರು ಸಾವಿರಕ್ಕೆ ಹಿಡಿದ. ಮೆಜೆಸ್ಟಿಕ್ಕಿನಿಂದ ಮಧುಗಿರಿವರೆಗೆ ಕೆಂಪು ಬಸ್ಸಿನಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಬಂದ. ಕಂಡಕ್ಟರು ಅದಕ್ಕೂ ಲಗೇಜ್ ಟಿಕೆಟ್ ಹರಿದ. ಮನೆಗೆ ಬಂದವನೇ ಚಿಕ್ಕಪ್ಪ ಹೇಳಿದ ಮೊದಲ ಮಾತು, 'ಇದ್ರೊಳಗೆ ನೀರೈತಂತೆ ಕಣ್ರಲಾ, ಹುಷಾರು.'

ನಾವು ನಕ್ಕೆವು. ಕಂಪ್ಯೂಟರಿನೊಳಗೆ ನೀರೆಲ್ಲಿಂದ ಬಂತು? ಪಕ್ಕದ ತಗಡು ಬಿಚ್ಚಿ ನೋಡಿದರೆ ನಿಜ. ಎರಡು ಕಪ್ಪು ರಬ್ಬರ್ ಪೈಪು. ಒಂದು ಕೊನೆಯಲ್ಲಿ ಪ್ರೊಸೆಸರಿನ ಮೇಲೆ ಕೂತ ಗುಂಡನೆಯ ಡಬ್ಬಿ, ಇನ್ನೊಂದು ಕೊನೆಯಲ್ಲಿ ಟ್ರ್ಯಾಕ್ಟರಿಗೆ ಇರುವಂಥದೇ ಆದರೆ ಅಂಗೈ ಅಗಲದ ರೇಡಿಯೇಟರು, ಅದಕ್ಕೆ ಒಂದು ಫ್ಯಾನು.

ಇದರ ಕೆಲಸ ತಿಳಿದುಕೊಂಡದ್ದು ಆಮೇಲೆ. ತಿಳಿಯದವರಿಗಾಗಿ ಇಲ್ಲೇ ಹೇಳಿಬಿಡುತ್ತೇವೆ. ಪ್ರೊಸೆಸರು ಕರೆಂಟು ತಿಂದು ಲೆಕ್ಕ ಮಾಡುತ್ತದೆ. ತಿಂದ ಕರೆಂಟೆಲ್ಲ ಕೊನೆಗೆ ಶಾಖವಾಗುತ್ತದೆ. ನಮ್ಮದು ಇಂಟೆಲ್ಲಿನ ಐ7-2600ಕೆ. 2011ರ ಜನವರಿಯಲ್ಲಿ ಬಂದ ಚಿಪ್ಪು, ನಾಲ್ಕು ಕೋರು, ಲೆಕ್ಕಕ್ಕೆ 95 ವ್ಯಾಟು. ಹಳೇ ಕಾಲದ ಬಲ್ಬಿನಷ್ಟು ಶಾಖ ಒಂದು ಬೆಂಕಿಪೊಟ್ಟಣದಷ್ಟು ಜಾಗದಿಂದ ಏಳುತ್ತದೆ. ಆ ಶಾಖವನ್ನು ತಾಮ್ರದ ತಟ್ಟೆ ಹೀರುತ್ತದೆ. ತಟ್ಟೆಯ ಮೇಲೆ ಕೂದಲೆಳೆಯಂಥ ಸಂದುಗಳು. ಆ ಸಂದುಗಳಲ್ಲಿ ನೀರು ಹರಿದು ಶಾಖ ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ. ಫ್ಯಾನು ಅದನ್ನು ಗಾಳಿಗೆ ಬಿಡುತ್ತದೆ. ಖಾಲಿಯಾದ ನೀರು ವಾಪಸು ಬಂದು ಮತ್ತೆ ಹೊರುತ್ತದೆ. ನೀರು ತಂಪು ಮಾಡುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಇಲ್ಲ. ನೀರು ಬರೀ ಹೊರುತ್ತದೆ. ಕೋಣೆಯ ಗಾಳಿ 36 ಡಿಗ್ರಿ ಇದ್ದರೆ ಎಷ್ಟು ಹೊತ್ತರೂ 36ಕ್ಕಿಂತ ಕೆಳಗೆ ತರಲಾರದು.

ದೊಡ್ಡವರ ಮನೆಯಲ್ಲಿ ಇದು ಹಳೆಯ ಪದ್ಧತಿಯೇ. ಅಮೆರಿಕದಲ್ಲಿ 1985ರಲ್ಲಿ ಬಂದ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿನ ಬೋರ್ಡುಗಳನ್ನೇ ಕರೆಂಟು ಹರಿಯದ ಒಂದು ದ್ರವದಲ್ಲಿ ಮುಳುಗಿಸಿ ಇಟ್ಟಿದ್ದರು. 2004ರಲ್ಲಿ ಆಪಲ್ಲಿನ ಪವರ್ ಮ್ಯಾಕ್ ಜಿ5 ಮೇಜಿನ ಕಂಪ್ಯೂಟರಿಗೂ ಈ ನೀರಿನ ಪದ್ಧತಿ ತಂತು. ಆಮೇಲೆ ಆಟ ಆಡುವವರು, ಸಿನಿಮಾ ಕತ್ತರಿಸುವವರು ಎಲ್ಲರೂ ಇಟ್ಟುಕೊಂಡರು. ಅಂಗಡಿಯಲ್ಲಿ ಸಿಗುವುದು ಸೀಲು ಹಾಕಿದ ಡಬ್ಬಿ. ನೀರು ತುಂಬಲು ಬಾಯಿಲ್ಲ. ಒಳಗೆ ಏನಿದೆ ನೋಡಲು ಕಿಟಕಿಯಿಲ್ಲ. ಐದಾರು ವರ್ಷ ದುಡಿಸಿ ಬಿಸಾಕಿ ಎನ್ನುವುದೇ ಅದರ ಧರ್ಮ. ನಮ್ಮ ಕೈಗೆ ಬರುವಾಗ ಅದಕ್ಕೆ ಹತ್ತು ದಾಟಿತ್ತು.

ಅಂಬೇಡ್ಕರ್ ಭವನದ ಪಕ್ಕದ ಶೀಟಿನ ಕೋಣೆಯಲ್ಲಿ ಅದನ್ನು ಇಟ್ಟೆವು. ಅಲ್ಲಿ ಸಂಜೆ ಹುಡುಗರು ಓದುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲ ಬಂದರೆ ಆ ಕೋಣೆ ಸಂತೆ. ಪಟ್ಟಣದ ಸೈಬರಿನಲ್ಲಿ ಒಂದು ಅರ್ಜಿಗೆ ನೂರು ರೂಪಾಯಿ, ಬಸ್ ಚಾರ್ಜು ಬೇರೆ, ಒಂದು ದಿನದ ಕೂಲಿ ಬೇರೆ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಮತ್ತೆ ಅಷ್ಟೂ. ಇಲ್ಲಿ ನಾವು ದುಡ್ಡಿಲ್ಲದೆ ಹಾಕುತ್ತಿದ್ದೆವು. ಉಳಿದ ಹೊತ್ತಿನಲ್ಲಿ ನುಡಿ ತಂತ್ರಾಂಶದಲ್ಲಿ ನಮ್ಮ ಪದ್ಯ, ಕರಪತ್ರ, ಒಬ್ಬರದು ಮದುವೆ ಕಾರ್ಡು.

ಮೊದಲ ವರ್ಷ ಚೆನ್ನಾಗೇ ಓಡಿತು. ಎರಡನೇ ಬೇಸಿಗೆಯಲ್ಲಿ ಶುರುವಾಯಿತು. ಮೌಸ್ ಎಳೆದರೆ ಗುರುತು ಆಮೆಯ ಹಾಗೆ ಬರುವುದು. ಒಂದು ಅರ್ಜಿಯ ಪುಟ ತೆರೆಯಲು ಒಂದು ಬೀಡಿ ಸೇದುವಷ್ಟು ಹೊತ್ತು. ಆಮೇಲೆ ಫಟ್ ಅಂತ ಆರಿಹೋಗುವುದು. ಹುಡುಗಿಯೊಬ್ಬಳ ಫೋಟೋ ಏರಿಸಿ, ಬ್ಯಾಂಕ್ ಪಾಸ್‌ಬುಕ್ ಏರಿಸಿ, ಇನ್ನೇನು ಸಲ್ಲಿಸಬೇಕು, ಫಟ್. ಮತ್ತೆ ಮೊದಲಿಂದ. ಮೂರು ಸಲ ಹೀಗಾದ ಮೇಲೆ ಅವಳ ಅಪ್ಪ ಎದ್ದು, 'ಬಿಡ್ರಪ್ಪಾ, ಸೈಬರಿಗೇ ಹೋಗ್ತೀವಿ' ಅಂದ. ಸಿಟ್ಟಿನಿಂದ ಅಂದಿದ್ದರೆ ಪರವಾಗಿರಲಿಲ್ಲ. ನಮಗೆ ಬೇಜಾರಾಗದಿರಲಿ ಅಂತ ಮೆಲ್ಲಗೆ ಅಂದ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ವೈರಸ್ಸು ಅಂದುಕೊಂಡೆವು. ಎಲ್ಲ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿದೆವು. ಎರಡು ದಿನ ಹೋಯಿತು, ಏನೂ ಬದಲಾಗಲಿಲ್ಲ. ಕರೆಂಟಿನ ದೋಷ ಅಂದುಕೊಂಡು ಬೇರೆ ಮನೆಯಲ್ಲಿಟ್ಟು ನೋಡಿದೆವು. ಅಲ್ಲೂ ಅದೇ. ಪಟ್ಟಣದ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿದ್ದವರು ತಗಡು ಬಿಚ್ಚಿ ಎರಡು ಪೈಪು ನೋಡಿ, ಮತ್ತೆ ತಗಡು ಮುಚ್ಚಿದರು. 'ಇದು ನಿಮ್ಮಂಥವರು ಇಟ್ಕೊಳ್ಳೋ ಮೆಷಿನ್ ಅಲ್ಲ. ಗುಜರಿಗೆ ಹಾಕಿ' ಅಂದರು. ನಿಮ್ಮಂಥವರು ಅಂದರೆ ಯಾರು ಎಂದು ನಾವು ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಬರೀ ಬಡವರು ಅಂತಲೇ ಇದ್ದಿರಬಹುದು. ಆದರೆ ಆ ಮಾತು ಕೇಳಿಸಿಕೊಂಡು ಅಭ್ಯಾಸವಾದ ಕಿವಿಗೆ ಅದು ಒಂದೇ ಥರ ಕೇಳಿಸುತ್ತದೆ. ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದ್ವಿ. ಹೇಗೂ ಗುಜರಿ ಅಂದಾಯ್ತಲ್ಲ, ಗುಜರಿ ಮುಟ್ಟೋದಕ್ಕೆ ಯಾರಪ್ಪಣೆ ಬೇಕು?

ಬಿಚ್ಚುವ ಮೊದಲು ಅದನ್ನೇ ಕೇಳಿ ನೋಡಿದೆವು. ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಡಿಲೀಟ್ ಕೀ ಒತ್ತಿ ಹಿಡಿದರೆ ಬಯಾಸ್ ಎಂಬ ಒಳಕೋಣೆ ತೆರೆಯುತ್ತದೆ. ಅಲ್ಲಿ ಪ್ರೊಸೆಸರಿನ ಶಾಖ ಬರೆದಿರುತ್ತದೆ. ಏನೂ ಕೆಲಸ ಕೊಡದೆ ಸುಮ್ಮನೆ ಕೂತಿದ್ದಾಗಲೇ 78. ನೋಡ್ತಾ ನೋಡ್ತಾ 81, 84. ಲಿನಕ್ಸಿನಲ್ಲಿ ಸೆನ್ಸರ್ಸ್ ಅಂತ ಒಂದು ಆಜ್ಞೆ ಇದೆ, ಅದೂ ಇದನ್ನೇ ಹೇಳಿತು. ಬ್ರೌಸರ್ ತೆರೆದರೆ ಒಂದೇ ನಿಮಿಷಕ್ಕೆ 98. ಈ ಚಿಪ್ಪಿಗೆ 98 ಎಂದರೆ ಲಕ್ಷ್ಮಣರೇಖೆ. ಅದನ್ನು ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. 3400 ಮೆಗಾಹರ್ಟ್ಸಿನ ಆಸಾಮಿ 1600ಕ್ಕೆ ಕುಸಿಯುತ್ತಾನೆ. ಆಮೆ ನಡಿಗೆಯ ಗುಟ್ಟು ಇದು. ಇಳಿಸಿಕೊಂಡರೂ ಶಾಖ ಏರುತ್ತಲೇ ಹೋದರೆ ಜೀವ ಉಳಿಸಿಕೊಳ್ಳಲು ಕರೆಂಟು ಕಡಿದುಕೊಳ್ಳುತ್ತದೆ. ಅದು ಫಟ್.

ರಾತ್ರಿ ಊಟದಲ್ಲಿ ಇದನ್ನೇ ಮಾತಾಡುತ್ತಿದ್ದೆವು. 'ಡಿಗ್ರಿ ಜಾಸ್ತಿ ಆಗೈತೆ' ಅಂದದ್ದು ಅಪ್ಪನ ಕಿವಿಗೆ ಬಿತ್ತು. 'ಡಿಗ್ರಿ ಜಾಸ್ತಿಯಾದ್ರೆ ಒಳ್ಳೇದಲ್ವೇನ್ರಲಾ, ಒಂದು ಡಿಗ್ರಿ ಮಾಡಕ್ಕೆ ಎರಡು ಮೇಕೆ ಮಾರ್ದೆ' ಅಂದ.

ಮೊದಲ ಕೆಲಸ ಧೂಳು. ಪ್ಲಗ್ಗು ಕಿತ್ತು, ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿದು ಒಳಗುಳಿದ ಕರೆಂಟು ಇಳಿಸಿ, ಫ್ಯಾನು ಬಿಚ್ಚಿದೆವು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಕಂಬಳಿಯ ಹಾಗೆ ಧೂಳು ಕೂತಿತ್ತು. ಬೆಂಗಳೂರಿನ ಧೂಳು ಕೆಳಗೆ, ನಮ್ಮ ಕಣದ ರಾಗಿ ಹೊಟ್ಟು ಮೇಲೆ. ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಪೇಂಟಿನ ಬ್ರಷ್ಷಿನಿಂದ ಉಜ್ಜಿ ತೆಗೆದೆವು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಹುಚ್ಚಾಪಟ್ಟೆ ತಿರುಗಿ ಹಾಳಾಗುತ್ತದೆ. ಇಷ್ಟೆಲ್ಲ ಮಾಡಿ ಇಳಿದದ್ದು ಎರಡು ಡಿಗ್ರಿ.

ಎರಡನೆಯದು ಪೇಸ್ಟು. ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವೆ ಬೂದು ಬಣ್ಣದ ಅಂಟು ಇರುತ್ತದೆ. ಎರಡು ಲೋಹ ಎಷ್ಟು ನುಣುಪಾಗಿದ್ದರೂ ನಡುವೆ ಗಾಳಿಯ ಸಣ್ಣ ಸಂದು ಉಳಿಯುತ್ತದೆ, ಗಾಳಿ ಶಾಖ ದಾಟಿಸುವುದಿಲ್ಲ, ಆ ಸಂದು ತುಂಬಲು ಅದು. ನಮ್ಮದು ಒಣಗಿ ಕೆರೆಯಂಗಳದ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಮೆಡಿಕಲ್ ಸ್ಟೋರಿನ ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಪೇಸ್ಟು ತೊಗರಿ ಕಾಳಿನಷ್ಟು ಹಾಕಿ ಕೂರಿಸಿದೆವು. ಮೊದಲ ಸಲ ಬಸ್ಸಾರಿಗೆ ತುಪ್ಪ ಬಿಟ್ಟ ಹಾಗೆ ಸುರಿದು, ಅಂಚಿನಿಂದ ಹೊರಗೆ ಹರಿದು, ಮತ್ತೆ ಒರೆಸಿ ಹಾಕಬೇಕಾಯಿತು. ನಾಲ್ಕು ಸ್ಕ್ರೂಗಳನ್ನು ಗಾಡಿ ಚಕ್ರದ ನಟ್ಟಿನ ಹಾಗೆ ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದು ಕಡೆಯೇ ಬಿಗಿದರೆ ತಟ್ಟೆ ಓರೆಯಾಗುತ್ತದೆ. ಇದರಿಂದ ಇನ್ನು ನಾಲ್ಕು ಡಿಗ್ರಿ.

ಮೂರನೆಯದನ್ನು ನೋಡಿ ನಮಗೇ ಪಾಪ ಅನಿಸಿತು. ಬಯಾಸಿನಲ್ಲಿ ಹುಡುಕುತ್ತಿದ್ದಾಗ ಗೊತ್ತಾಯಿತು, ಹಿಂದಿನ ಮಾಲೀಕರು ಈ ಚಿಪ್ಪಿನಿಂದ ಇರುವುದಕ್ಕಿಂತ ಹೆಚ್ಚು ದುಡಿಸುತ್ತಿದ್ದರು. 3.4ರ ಬದಲು 4.5 ಗಿಗಾಹರ್ಟ್ಸು, ಅದಕ್ಕೆ ತಕ್ಕಂತೆ ಹೆಚ್ಚಿನ ವೋಲ್ಟೇಜು, 1.40. ಓವರ್‌ಕ್ಲಾಕಿಂಗ್ ಅಂತಾರೆ. ನಮ್ಮ ಭಾಷೆಯಲ್ಲಿ ಓಟಿ ಕೊಡದೆ ಓವರ್‌ಟೈಮು. ಇದರ ಲೆಕ್ಕ ಸರಳ. ಶಾಖವು ವೇಗ ಏರಿದಷ್ಟು ಏರುತ್ತದೆ, ಆದರೆ ವೋಲ್ಟೇಜು ಏರಿದರೆ ವರ್ಗದಲ್ಲಿ ಏರುತ್ತದೆ. 1.20 ವೋಲ್ಟಿನಲ್ಲಿ 3.4 ಓಡುವುದಕ್ಕೂ 1.40ರಲ್ಲಿ 4.5 ಓಡುವುದಕ್ಕೂ ಹೋಲಿಸಿದರೆ ಹೆಚ್ಚು ಕಡಿಮೆ 1.8 ಪಟ್ಟು. ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದೆವು. ಫಟ್ ಅನ್ನುವುದು ಕಡಿಮೆಯಾಯಿತು. ಆದರೆ ಸುಮ್ಮನೆ ಕೂತಾಗ ಇನ್ನೂ 66. ಐದು ನಿಮಿಷ ಕೆಲಸ ಕೊಟ್ಟರೆ 95.

ಇಷ್ಟರಲ್ಲಿ ಅರ್ಜಿಯ ಕೊನೇ ದಿನ ಹತ್ತಿರ ಬಂದಿತ್ತು. ನಲವತ್ತೊಂದು ಮಕ್ಕಳ ಕಾಗದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಪಂಪು ಕೆಟ್ಟಿರಬಹುದಾ ಎಂಬ ಅನುಮಾನ ನಮಗೆ ಬಾರದೇ ಇರಲಿಲ್ಲ. ಆದರೆ ಬಯಾಸಿನಲ್ಲಿ ಪಂಪಿನ ಸುತ್ತು ಬರೆದಿತ್ತು. ನಿಮಿಷಕ್ಕೆ 1400. ಮಿನುಗುವ ಹಸಿರು ಅಕ್ಷರ. ಎಲ್ಲವೂ ಸರಿಯಿದೆ ಎಂಬ ವರದಿ. ನಾವು ನಂಬಿದ್ವಿ. ವರದಿ ನಂಬಿ ಮೋಸ ಹೋಗೋದು ನಮಗೇನು ಹೊಸದಾ? ನಮ್ಮ ಕೇರಿಯ ನಲ್ಲಿಗೂ ದಿನಾ ನೀರು ಬರುತ್ತೆ, ಕಡತದಲ್ಲಿ. ಅಲ್ಲೂ ಪಂಪು ತಿರುಗಿದ ಗಂಟೆ ಬರೆದಿರುತ್ತದೆ. ಹಾಗಿದ್ದೂ ಮೂರು ದಿನ ನಾವು ಆ 1400ನ್ನು ನೋಡಿಕೊಂಡು ಬೇರೆ ಕಡೆ ದೋಷ ಹುಡುಕಿದೆವು. ಇದು ನಾಚಿಕೆಯ ಸಂಗತಿ, ಅದಕ್ಕೇ ಬರೆದಿದ್ದೇವೆ.

ಅಪ್ಪ ಬಂದದ್ದು ಆವಾಗ. ಅಪ್ಪ ತೋಟದವರ ಬಾವಿಯ ಮೋಟರಿಗೆ ಹದಿನೆಂಟು ವರ್ಷ ಆಳಾಗಿದ್ದವನು. ಬಾಗಿಲಲ್ಲಿ ನಿಂತು ಬೀಡಿ ಆರಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡ. ಪಂಪಿನೊಳಗಿನಿಂದ ಗೊರ ಗೊರ ಅಂತ ಸಣ್ಣ ಸದ್ದು ಬರುತ್ತಿತ್ತು. ಫ್ಯಾನಿನ ಸದ್ದಿನಲ್ಲಿ ನಾವು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

'ಮೋಟ್ರು ಗಾಳಿ ಎಳೀತಾ ಐತೆ ಕಣ್ರಲಾ.'

'1400 ಸುತ್ತು ತಿರುಗ್ತಾ ಐತಪ್ಪಾ.'

'ತಿರುಗಿದ್ರೆ? ಬಾವೀಲಿ ಗಾಳಿ ಹಿಡಿದಾಗ್ಲೂ ಮೋಟ್ರು ತಿರುಗುತ್ತೆ. ನೀರು ಎತ್ತುತ್ತೇನು? ಪೈಪ್ ಮುಟ್ ನೋಡ್ರೋ.'

ಮುಟ್ಟಿದೆವು. ಒಂದು ಪೈಪು ಡಬ್ಬಿಯ ಬುಡದಲ್ಲಿ ಕೈ ಇಡಲಾರದಷ್ಟು ಬಿಸಿ. ಇನ್ನೊಂದು ತಣ್ಣಗೆ, ಹಾವಿನ ಮೈಯ ಹಾಗೆ. ರೇಡಿಯೇಟರನ್ನು ಮುಟ್ಟಿದರೆ ಅದೂ ತಣ್ಣಗೆ. ಪ್ರೊಸೆಸರು 95ರಲ್ಲಿ ಬೇಯುತ್ತಿದೆ, ಒಂದು ಗೇಣು ಆಚೆ ರೇಡಿಯೇಟರಿಗೆ ಸುದ್ದಿಯೇ ಮುಟ್ಟಿಲ್ಲ.

ಈ ಮಾತು ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇವೆ. ನೀರಿನ ಕೂಲರು ಇರುವ ಕಂಪ್ಯೂಟರು ಕುದಿಯುತ್ತಿದ್ದರೆ ಎರಡೂ ಪೈಪು ಮತ್ತು ರೇಡಿಯೇಟರು ಮುಟ್ಟಿ ನೋಡಿ. ಎಲ್ಲವೂ ಬಿಸಿಯಿದ್ದರೆ ನೀರು ಹರಿಯುತ್ತಿದೆ, ಗಾಳಿ ಸಾಲದು. ಧೂಳೋ ಫ್ಯಾನೋ ಕೋಣೆಯ ಸೆಕೆಯೋ ಕಾರಣ. ಎಲ್ಲವೂ ತಣ್ಣಗಿದ್ದು ಪ್ರೊಸೆಸರು ಮಾತ್ರ ಬಿಸಿಯಿದ್ದರೆ ತಟ್ಟೆ ಸರಿಯಾಗಿ ಕೂತಿಲ್ಲ ಅಥವಾ ಪೇಸ್ಟು ಸತ್ತಿದೆ. ಒಂದು ಬಿಸಿ ಒಂದು ತಣ್ಣಗೆ ಎಂದರೆ ನೀರು ನಿಂತಿದೆ. ಪಂಪು ಸತ್ತಿರಬೇಕು, ಇಲ್ಲ ಗಾಳಿ ಹಿಡಿದಿರಬೇಕು, ಇಲ್ಲ ಸಂದು ಕಟ್ಟಿರಬೇಕು. ಥರ್ಮಾಮೀಟರು ಬೇಡ. ಬೆರಳು ಸಾಕು.

ಸೀಲು ಹಾಕಿದ್ದಕ್ಕೆ ಗಾಳಿ ಹೇಗೆ ಹೋಯಿತು ಅಂದರೆ, ರಬ್ಬರ್ ಪೈಪು ಗೋಡೆಯಲ್ಲ. ವರ್ಷಕ್ಕಿಷ್ಟು ನೀರು ಆವಿಯಾಗಿ ರಬ್ಬರಿನ ಮೈಯಿಂದಲೇ ಆಚೆ ಹೋಗುತ್ತದೆ. ಹತ್ತು ವರ್ಷದಲ್ಲಿ ಒಳಗೆ ಜಾಗ ಖಾಲಿ. ಆ ಖಾಲಿ ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ನಮ್ಮ ಕ್ಯಾಬಿನೆಟ್ಟಿನಲ್ಲಿ ರೇಡಿಯೇಟರನ್ನು ಮುಂಭಾಗದ ತಳದಲ್ಲಿ ಕೂರಿಸಿದ್ದರು, ಪಂಪು ಮೇಲಿತ್ತು. ಅಂದರೆ ಗಾಳಿಯ ಗುಳ್ಳೆ ಬಂದು ಕೂತದ್ದು ಸರಿಯಾಗಿ ಪಂಪಿನ ತಲೆಯಲ್ಲಿ. ರೇಡಿಯೇಟರಿನ ಮೇಲುಭಾಗ ಪಂಪಿಗಿಂತ ಎತ್ತರ ಇರಬೇಕು, ಆಗ ಗಾಳಿ ಅಲ್ಲಿ ಹೋಗಿ ತೆಪ್ಪಗೆ ಕೂರುತ್ತದೆ.

ಇಡೀ ಕ್ಯಾಬಿನೆಟ್ಟನ್ನು ತಲೆಕೆಳಗು ಮಾಡಿದೆವು. ಮೊರದಲ್ಲಿ ರಾಗಿ ಕೇರುವಂತೆ ಆ ಕಡೆ ಈ ಕಡೆ ಮೆಲ್ಲಗೆ ಓಲಾಡಿಸಿದೆವು. ಒಳಗೆ ಗುಳು ಗುಳು ಸದ್ದು. ರೇಡಿಯೇಟರನ್ನು ಬಿಚ್ಚಿ ದಾರ ಕಟ್ಟಿ ಮೇಲಿನ ಕಿಟಕಿ ಸರಳಿಗೆ ನೇತು ಹಾಕಿದೆವು. ಹೊತ್ತಿಸಿದರೆ 58! ಕೆಲಸ ಕೊಟ್ಟರೆ 76. ಅಪ್ಪ ಗೆದ್ದ. ಆ ಎರಡು ದಿನದಲ್ಲಿ ಹದಿನೇಳು ಅರ್ಜಿ ಹೋದವು.

ಮೂರನೇ ದಿನ ಮತ್ತೆ 90. ಪೈಪು ಮತ್ತೆ ಬಿಸಿ-ತಣ್ಣಗೆ. ಅಪ್ಪ ಹೇಳಿದ್ದು ಅರ್ಧ ಸತ್ಯವಾಗಿತ್ತು. ಅಪ್ಪನಿಗೆ ಬೇಜಾರಾಗಿ ಅವತ್ತು ಕೋಣೆಯ ಕಡೆ ಬರಲಿಲ್ಲ.

ಉಳಿದದ್ದು ಒಂದೇ. ಡಬ್ಬಿ ಬಿಚ್ಚುವುದು. ತಾಮ್ರದ ತಟ್ಟೆಯ ಸುತ್ತ ಸಣ್ಣ ಸ್ಕ್ರೂಗಳು, ನಕ್ಷತ್ರದ ಆಕಾರದ ತಲೆ. ಸಾಮಾನ್ಯರು ಬಿಚ್ಚಬಾರದು ಅಂತಲೇ ಇಂಥ ತಲೆ ಮಾಡುತ್ತಾರೋ ಏನೋ. ಮೊಬೈಲ್ ರಿಪೇರಿ ಮಾಡುವ ಗೆಳೆಯನಿಂದ ಟಾರ್ಕ್ಸ್ ಸ್ಕ್ರೂಡ್ರೈವರ್ ತಂದೆವು. ಅವ್ವನ ಅಗಲದ ಅಲ್ಯೂಮಿನಿಯಂ ಬೋಗುಣಿಯ ಮೇಲೆ ಹಿಡಿದು, ಮುಚ್ಚಳ ಬಿಟ್ಟೆವು.

ಬಂದ ನೀರು ಒಂದು ಚಹಾ ಲೋಟದಷ್ಟೂ ಇರಲಿಲ್ಲ. ಬಣ್ಣ ಕೊಳೆತ ಕಳ್ಳಿ ಹಾಲಿನದು. ತಟ್ಟೆಯ ಸಂದುಗಳನ್ನು ನೋಡಿ ಸುಮ್ಮನೆ ಕೂತೆವು. ಕೂದಲೆಳೆಯಂಥ ಆ ಸಂದುಗಳ ತುಂಬ ಬಿಳಿ-ಹಸಿರು ಗಸಿ, ಹಲ್ಲಿನ ಪಾಚಿಯ ಹಾಗೆ. ಒಂದು ಕಡೆ ಮಾತ್ರ ಸ್ವಲ್ಪ ತೆರವಿತ್ತು. ಪಂಪು ಪ್ರಾಮಾಣಿಕವಾಗಿ ತಿರುಗುತ್ತಲೇ ಇತ್ತು, ನೀರಿಗೆ ದಾರಿ ಇರಲಿಲ್ಲ. ತಟ್ಟೆ ತಾಮ್ರ, ರೇಡಿಯೇಟರು ಅಲ್ಯೂಮಿನಿಯಂ. ಒಂದೇ ನೀರಿನಲ್ಲಿ ಎರಡು ಲೋಹ ಇದ್ದರೆ ಒಂದನ್ನೊಂದು ತಿನ್ನುತ್ತವೆ, ಬ್ಯಾಟರಿಯ ಹಾಗೆ. ಅದನ್ನು ತಡೆಯಲು ನೀರಿಗೆ ಗ್ಲೈಕಾಲು, ತುಕ್ಕು ತಡೆಯುವ ಮದ್ದು ಹಾಕಿರುತ್ತಾರೆ. ವರ್ಷಗಳಾದ ಮೇಲೆ ಆ ಮದ್ದೇ ಹೆಪ್ಪುಗಟ್ಟಿ ತಳಕ್ಕೆ ಕೂರುತ್ತದೆ.

ಒಂದು ಎಚ್ಚರಿಕೆ. ಆ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ರುಚಿ ಸಿಹಿ, ಗುಣ ವಿಷ. ಮೇಕೆ ನಾಯಿ ನೆಕ್ಕಿದರೆ ಸಾಯುತ್ತವೆ. ನಾವು ಬಾಟಲಿಗೆ ಹಾಕಿ ಬಿರಡೆ ಬಿಗಿದು ಅಟ್ಟದ ಮೇಲಿಟ್ಟಿದ್ದೇವೆ. ಬೋಗುಣಿಯನ್ನು ಅವ್ವ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಅದರ ಸಾಲ ಇನ್ನೂ ನಮ್ಮ ಮೇಲಿದೆ.

ತಟ್ಟೆಯನ್ನು ವಿನೆಗರಿನಲ್ಲಿ ಐದು ನಿಮಿಷ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿನ ಜಾಡಿನಲ್ಲೇ ಉಜ್ಜಿದೆವು. ಕೆಂಪಗೆ ಹೊಸ ಪೈಸೆಯ ಹಾಗೆ ಹೊಳೆಯಿತು. ವಿನೆಗರನ್ನು ಅಲ್ಯೂಮಿನಿಯಂ ರೇಡಿಯೇಟರಿಗೆ ಹಾಕಬಾರದು, ತಿಂದುಬಿಡುತ್ತದೆ. ಅದಕ್ಕೆ ಬರೀ ಶುದ್ಧ ನೀರು ತುಂಬಿ ಕುಲುಕಿ ಚೆಲ್ಲಬೇಕು, ತಿಳಿಯಾಗಿ ಬರುವ ತನಕ.

ಶುದ್ಧ ನೀರು. ಇಲ್ಲೇ ಒಂದು ತೊಡಕು. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಚಕ್ಕೆ ಹಿಡಿಯುತ್ತದೆ. ಮನುಷ್ಯರ ಹಲ್ಲು ಮೂಳೆಗೇ ಬಿಡದ ನೀರು ಕೂದಲೆಳೆ ಸಂದು ಬಿಡುತ್ತದೆಯೇ? ಐದು ರೂಪಾಯಿ ಕಾಯಿನ್ ಹಾಕಿದರೆ ಸಿಗುವ ಘಟಕದ ನೀರೂ ಸಾಲದು, ಅದರಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ. ಕೊನೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರು ಒಂದು ಕ್ಯಾನು ತಂದೆವು. ಹಟ್ಟಿಯ ಯಾರೂ ಜೀವನದಲ್ಲಿ ಕುಡಿಯದಷ್ಟು ಶುದ್ಧವಾದ ನೀರು ಅದು. ಗೆಳೆಯ ಸಿರಿಂಜಿನಲ್ಲಿ ಎಳೆಯುತ್ತಾ, '1927ರಲ್ಲಿ ಬಾಬಾ ಸಾಹೇಬರು ಮಹಾಡದಲ್ಲಿ ಕೆರೇನೇ ಮುಟ್ಟಿದ್ರು, ನಾವು ಲೋಟದಷ್ಟು ನೀರಿಗೆ ಹಿಂಗೆ ನಡುಗ್ತೀವಲ್ಲೋ' ಅಂದ. ನಗು ತಡೆಯಲಾರದೆ ಅರ್ಧ ಸಿರಿಂಜು ನೆಲದ ಪಾಲಾಯಿತು.

ತುಂಬುವುದಕ್ಕೆ ತಾಳ್ಮೆ ಬೇಕು. ಪಂಪಿನ ಡಬ್ಬಿಯನ್ನು ಬಾಯಿ ಮೇಲೆ ಮಾಡಿ ಎಲ್ಲಕ್ಕಿಂತ ಎತ್ತರ ಹಿಡಿಯಬೇಕು, ಪೈಪು ಮತ್ತು ರೇಡಿಯೇಟರು ಕೆಳಗೆ. ಸಿರಿಂಜಿನಲ್ಲಿ ಬಿಡಬೇಕು, ರೇಡಿಯೇಟರನ್ನು ಬೆನ್ನು ತಟ್ಟಿದ ಹಾಗೆ ತಟ್ಟಬೇಕು, ಗುಳ್ಳೆ ಬರುತ್ತದೆ, ಮತ್ತೆ ಬಿಡಬೇಕು. ಕೂಸಿಗೆ ಹಾಲು ಕುಡಿಸಿ ತೇಗಿಸಿದ ಹಾಗೆ. ಒಂದು ಗಂಟೆ ಹಿಡಿಯಿತು. ಅಂಚಿನವರೆಗೆ ತುಂಬಿ ತುಳುಕುವಾಗ ರಬ್ಬರ್ ಉಂಗುರ ತಿರುಚದಂತೆ ಕೂರಿಸಿ ತಟ್ಟೆ ಮುಚ್ಚಿ ಬಿಗಿದೆವು.

ಹಾಗೇ ಕಂಪ್ಯೂಟರಿಗೆ ಹಾಕಿದರೆ ಸೋರಿಬಿಟ್ಟರೆ? ಬೋರ್ಡು ಸುಟ್ಟುಹೋದರೆ ಇನ್ನೊಂದಕ್ಕೆ ಯಾವ ಮೇಕೆ ಮಾರುವುದು? ಪವರ್ ಸಪ್ಲೈಯ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಒಂದು ತುಂಡು ವೈರಿನಿಂದ ಜೋಡಿಸಿದರೆ ಬೋರ್ಡಿನ ಹಂಗಿಲ್ಲದೆ ಅದು ಓಡುತ್ತದೆ. ಅದರಿಂದ ಪಂಪಿಗೆ ಮಾತ್ರ 12 ವೋಲ್ಟು ಕೊಟ್ಟು, ಕೆಳಗೆ ಹಳೇ ಪೇಪರ್ ಹಾಸಿ, ರಾತ್ರಿಯೆಲ್ಲ ಓಡಿಸಿದೆವು. ಸರದಿಯಲ್ಲಿ ಎದ್ದು ಪೇಪರ್ ಮುಟ್ಟಿ ನೋಡಿದೆವು. ಬೆಳಗಿನ ಜಾವ ನಾಲ್ಕಕ್ಕೆ ಒಂದು ಕಡೆ ಒದ್ದೆ! ಎದೆ ಒಡೆದುಹೋಯಿತು. ನೋಡಿದರೆ ತಂಗಿಯ ಕಣ್ಣಿಗೆ ನಿದ್ದೆ ಬಾರದಿರಲೆಂದು ಇಟ್ಟುಕೊಂಡ ನೀರಿನ ಚೊಂಬು.

ಬೆಳಿಗ್ಗೆ ಜೋಡಿಸಿದೆವು. ರೇಡಿಯೇಟರನ್ನು ಈ ಸಲ ಹಿಂಭಾಗದ ಮೇಲ್ತುದಿಗೆ ಬಿಗಿದೆವು. ಹೊತ್ತಿಸಿದರೆ 44. ಶೀಟಿನ ಕೆಳಗೆ ಗಾಳಿಯೇ 34 ಇತ್ತು. ಅರ್ಧ ಗಂಟೆ ಚೆನ್ನಾಗಿ ದುಡಿಸಿದರೆ 71, ಅಲ್ಲೇ ನಿಂತಿತು. ಎರಡೂ ಪೈಪು ಒಂದೇ ಥರ ಬೆಚ್ಚಗೆ. ಅಪ್ಪನನ್ನು ಕರೆದು ಮುಟ್ಟಿಸಿದೆವು. 'ಹ್ಞೂಂ, ನೀರು ಎತ್ತೈತೆ' ಅಂದ. ಇಪ್ಪತ್ನಾಲ್ಕು ಅರ್ಜಿ ಉಳಿದಿದ್ದವು. ಕೊನೇ ದಿನ ರಾತ್ರಿ ಹತ್ತೂವರೆಗೆ ಕೊನೆಯದು ಹೋಯಿತು. ಮೂರು ಸಲ ಫಟ್ ಆದ ಹುಡುಗಿಯದು ಆ ಲೆಕ್ಕದಲ್ಲಿಲ್ಲ. ಅವಳಪ್ಪ ಸೈಬರಿನಲ್ಲೇ ಹಾಕಿಸಿದ್ದ.

ಇಲ್ಲಿಗೆ ನಿಲ್ಲಿಸಿದರೆ ಚೆಂದ ಕಾಣುತ್ತೆ, ಆದರೆ ಸುಳ್ಳಾಗುತ್ತೆ. ಐದು ತಿಂಗಳಾದ ಮೇಲೆ ಶಾಖ ಮತ್ತೆ ಏರಿತು. ಬರೀ ಡಿಸ್ಟಿಲ್ಡ್ ನೀರು ಹಾಕಿದ್ದೇ ನಮ್ಮ ತಪ್ಪು. ತುಕ್ಕು ತಡೆಯುವ ಮದ್ದಿಲ್ಲದೆ ತಾಮ್ರ ಅಲ್ಯೂಮಿನಿಯಂ ಮತ್ತೆ ಜಗಳಕ್ಕೆ ನಿಂತಿದ್ದವು. ಗಾಡಿಗೆ ಹಾಕುವ ಕೂಲೆಂಟನ್ನು ಸ್ವಲ್ಪ ಬೆರೆಸಿದ್ದರೆ ಇನ್ನಷ್ಟು ಕಾಲ ಬರುತ್ತಿತ್ತು. ಈ ಸಲ ಬಿಚ್ಚುವ ಗೋಜಿಗೆ ಹೋಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಗಾಳಿ ಕೂಲರು ಒಂದನ್ನು ಏಳುನೂರಕ್ಕೆ ತಂದೆವು. ತಾಮ್ರದ ನಾಲ್ಕು ಕೊಳವೆ, ಅದಕ್ಕೆ ಅಲ್ಯೂಮಿನಿಯಂ ಪದರ, ಒಂದು ಫ್ಯಾನು. ಪಂಪಿಲ್ಲ, ರಬ್ಬರಿಲ್ಲ. ಹಳೇ ಕಂಪ್ಯೂಟರಿಗೆ ಇದೇ ವಾಸಿ. ಓದಿ ನೋಡಿದರೆ ಆ ತಾಮ್ರದ ಕೊಳವೆಯೊಳಗೂ ನಾಲ್ಕು ಹನಿ ನೀರಿದೆಯಂತೆ. ಬುಡದಲ್ಲಿ ಕುದಿದು ಆವಿಯಾಗಿ ತುದಿಗೆ ಹೋಗಿ ತಣಿದು ವಾಪಸು ಬರುತ್ತದೆ. ಅದಕ್ಕೆ ಸೋರುವ ದಾರಿಯಿಲ್ಲ, ಗಾಳಿ ಎಳೆಯುವ ಮೋಟರಿಲ್ಲ.

ಮೊನ್ನೆ ಪಕ್ಕದೂರಿನ ಹೈಸ್ಕೂಲಿನ ಮೇಷ್ಟ್ರೊಬ್ಬರು ತಂಗಿಯನ್ನು ಹುಡುಕಿಕೊಂಡು ಬಂದಿದ್ದರು. ಅವರ ಶಾಲೆಯಲ್ಲಿ ಹತ್ತು ಕಂಪ್ಯೂಟರು ಬಂದು ವರ್ಷಗಳಾಗಿವೆ. ಎರಡು ಹೊತ್ತಿಕೊಂಡು ಆರಿಹೋಗುತ್ತವಂತೆ, ಉಳಿದವನ್ನು ಮಕ್ಕಳು ಕೆಡಿಸಿಯಾರು ಅಂತ ಯಾರೂ ಹೊತ್ತಿಸಿಯೇ ಇಲ್ಲ. ಬಂದು ನೋಡಮ್ಮಾ ಅಂದರು. ಅವಳು ಟಾರ್ಕ್ಸ್ ಸ್ಕ್ರೂಡ್ರೈವರು, ಸೈಕಲ್ ಪಂಪು, ಪೇಂಟಿನ ಬ್ರಷ್ಷು ಒಂದು ಚೀಲದಲ್ಲಿ ತುಂಬಿಟ್ಟುಕೊಂಡಿದ್ದಾಳೆ. ಸೋಮವಾರ ಹೋಗಬೇಕಿತ್ತು. ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅವರು ಇನ್ನೂ ಹುಡುಕ್ತಾ ಇದ್ದಾರೆ.